ವೃಂದವೂ ಕೋಲಾಹಲವೂ: ಮನೆಯ ಧ್ವನಿಮುದ್ರಣದಲ್ಲಿ ವಾದ್ಯಸಾಮ್ಯದ ವಿಮರ್ಶೆ

೧

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದ ಪ್ರಕೀರ್ಣಕಾಧ್ಯಾಯದಲ್ಲಿ ಗಾಯಕವಾದಕರ ಸಮೂಹಕ್ಕೆ ‘ವೃಂದ’ವೆಂಬ ಸಂಜ್ಞೆಯನ್ನಿಟ್ಟು, ಅದನ್ನು ಉತ್ತಮ, ಮಧ್ಯಮ, ಕನಿಷ್ಠವೆಂದು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಉತ್ತಮವೃಂದದಲ್ಲಿ ಮುಖ್ಯಗಾಯಕರು ೪, ಸಮಗಾಯಕರು ೮, ಗಾಯನಿಯರು ೧೨, ಕೊಳಲಿನವರು ೪, ಮೃದಂಗದವರು ೪. ಮಧ್ಯಮವು ಇದರ ಅರ್ಧ. ಕನಿಷ್ಠದಲ್ಲಿ ಮುಖ್ಯಗಾಯಕನು ಒಬ್ಬನೇ; ಅವನೊಡನೆ ಸಮಗಾಯಕರು ೩, ಗಾಯನಿಯರು ೪, ಕೊಳಲಿನವರು ೨, ಮೃದಂಗದವರು ೨. ಉತ್ತಮವೃಂದದ ಪ್ರಮಾಣವನ್ನು ಮೀರಿದ ಸಮೂಹಕ್ಕೆ ಆತನು ಕೊಟ್ಟಿರುವ ಹೆಸರು ‘ಕೋಲಾಹಲ’.

ಈ ಎಣಿಕೆಗಳನ್ನು ಕೂಡಿಸಿ ನೋಡಿದರೆ ಶಾಸ್ತ್ರಕಾರನ ಅಭಿಪ್ರಾಯವು ವಿಶದವಾಗುತ್ತದೆ. ಉತ್ತಮದಲ್ಲಿ ೩೨ ಜನ. ಅವರಲ್ಲಿ ಕಂಠದವರು ೨೪, ವಾದ್ಯದವರು ೮. ಮಧ್ಯಮದಲ್ಲಿ ೧೬ ಜನ. ಕಂಠ ೧೨, ವಾದ್ಯ ೪. ಕನಿಷ್ಠದಲ್ಲಿ ೧೨ ಜನ. ಕಂಠ ೮, ವಾದ್ಯ ೪. ಎಲ್ಲಿಯೂ ಕಂಠದವರ ಸಂಖ್ಯೆ ವಾದ್ಯದವರ ಸಂಖ್ಯೆಯ ಎರಡರಷ್ಟಕ್ಕೆ ಕಡಮೆಯಾಗಿಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಹಾಡಿನ ಮಾತು ಸಭೆಯ ಕಡೆಯ ಸಾಲಿಗೆ ಕೇಳಬೇಕಾಗಿದ್ದರೆ, ಜನರ ಸಂಖ್ಯೆಯನ್ನೇ ತಕ್ಕಡಿಯಾಗಿ ಮಾಡಿಕೊಳ್ಳಬೇಕಾಗಿದ್ದಿತು.

ಆದರೆ ಸಂಖ್ಯೆಯೊಂದರಿಂದಲೇ ವೃಂದವಾಗದೆಂಬುದನ್ನು ಬಲ್ಲ ಶಾರ್ಙ್ಗದೇವನು ವೃಂದಕ್ಕೆ ಆರು ಗುಣಗಳನ್ನು ಹೇಳಿದ್ದಾನೆ: ಮುಖ್ಯಾನುವೃತ್ತಿ, ಅಂದರೆ ಮುಖ್ಯನಾದವನನ್ನು ಉಳಿದವರು ಅನುಸರಿಸುವುದು, ಮಿಲನ, ಅಂದರೆ ಒಂದರಲ್ಲೊಂದು ಬೆರೆಯುವುದು, ತಾಳಲೀಲಾನುವರ್ತನ, ಪರಸ್ಪರ ತ್ರುಟಿತನಿರ್ವಾಹ, ಅಂದರೆ ಒಬ್ಬರಲ್ಲಿ ಕಡಿದುಹೋದುದನ್ನು ಮತ್ತೊಬ್ಬರು ನಡಸಿಕೊಂಡು ಹೋಗುವುದು, ಮಂದ್ರ, ಮಧ್ಯ, ತಾರವೆಂಬ ತ್ರಿಸ್ಥಾನಗಳನ್ನೂ ವ್ಯಾಪಿಸುವ ಶಕ್ತಿ, ಕಡೆಯದಾಗಿ ಶಬ್ದಸಾದೃಶ್ಯ. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿದ್ದ ಕಲ್ಲಿನಾಥನು ಈ ಗ್ರಂಥಕ್ಕೆ ‘ಕಲಾನಿಧಿ’ಯೆಂಬ ವ್ಯಾಖ್ಯಾನವನ್ನು ರಚಿಸಿದುದರಿಂದ, ಇದು ಕನ್ನಡನಾಡಿನ ವಿದ್ವತ್ಪರಂಪರೆಗೆ ಹೊರಗಿನದೆನ್ನುವಂತಿಲ್ಲ.

ಈಗ ಒಂದು ಮೈಕು, ಒಂದು ಕಂಪ್ಯೂಟರು, ಒಂದು ಜೊತೆ ಹೆಡ್‌ಫೋನು ಇದ್ದರೆ ಮನೆಯ ಕೋಣೆಯಲ್ಲಿಯೇ ಹಾಡನ್ನು ಮುದ್ರಿಸುವುದು ಸಾಧ್ಯವಾಗಿದೆ. ಕಂಠ, ಶ್ರುತಿ, ಹಾರ್ಮೋನಿಯಂ, ಕೊಳಲು, ಮೃದಂಗ ಇವುಗಳನ್ನು ಬೇರೆಬೇರೆ ಟ್ರ್ಯಾಕುಗಳಾಗಿ ಹಿಡಿದಿಟ್ಟು, ಆಮೇಲೆ ಅವುಗಳ ಪ್ರಮಾಣವನ್ನು ಹೊಂದಿಸಿ ಒಂದಾಗಿ ಬೆರಸುವ ಕೆಲಸಕ್ಕೆ ‘ಮಿಕ್ಸಿಂಗ್’ ಎಂಬ ಹೆಸರು ಎಲ್ಲರ ಬಾಯಲ್ಲಿಯೂ ಬಳಕೆಯಲ್ಲಿದೆ. ಈ ಕೆಲಸದ ಗುಣದೋಷಗಳನ್ನು ಅಳೆಯಲು ಕನ್ನಡದಲ್ಲಿ ಒಪ್ಪವಾದ ಮಾನದಂಡವು ಇನ್ನೂ ರೂಢಿಯಾಗಿಲ್ಲ. ಮೇಲೆ ಹೇಳಿದ ಷಡ್ಗುಣಗಳು ಆ ಮಾನದಂಡವಾಗಲು ಯೋಗ್ಯವಾಗಿವೆಯೆಂಬುದೂ, ಅವುಗಳಲ್ಲಿ ಐದನ್ನು ಯಂತ್ರದ ನೆರವಿನಿಂದ ಬಹುಮಟ್ಟಿಗೆ ಸಾಧಿಸಬಹುದಾದರೂ ಒಂದನ್ನು ಮಾತ್ರ ಸಾಧಿಸಲಾಗದೆಂಬುದೂ, ಆ ಒಂದು ತಪ್ಪಿದರೆ ಉಳಿದ ಐದೂ ಅಲಂಕಾರಮಾತ್ರವಾಗುವುವೆಂಬುದೂ ಈ ವಿಮರ್ಶೆಯ ಪ್ರತಿಪಾದ್ಯ.

೨

ಪ್ರಮಾಣವನ್ನು ಹೊಂದಿಸುವ ಕೆಲಸವು ಯಂತ್ರದೊಡನೆ ಹುಟ್ಟಿದುದಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ವಾದ್ಯಗಳು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕು ಬಗೆ. ಗಾಯಕವಾದಕರ ಸಮೂಹವು ಕುತಪ. ಅವರನ್ನು ರಂಗದಲ್ಲಿ ಕ್ರಮವಾಗಿ ಕುಳ್ಳಿರಿಸುವುದು ಕುತಪವಿನ್ಯಾಸ. ಗಾನ, ವಾದ್ಯ, ನಾಟ್ಯ ಇವು ಬೇರೆಬೇರೆ ಆಶ್ರಯದವಾದರೂ, ತಿರುಗಿಸಿದ ಕೊಳ್ಳಿಯು ಒಂದೇ ಚಕ್ರವಾಗಿ ತೋರುವಂತೆ, ಒಂದಾಗಿ ತೋರಬೇಕೆಂಬುದು ಮುನಿಯ ಮತ.

ಯಕ್ಷಗಾನದ ಹಿಮ್ಮೇಳದಲ್ಲಿ ಇದೇ ವಿವೇಕವು ಮತ್ತೊಂದು ರೀತಿಯಾಗಿ ಕಾಣುತ್ತದೆ. ಭಾಗವತರ ಪದಕ್ಕೆ ಮದ್ದಳೆಯು ನಿರಂತರ ಸಂಗಾತಿ. ಚೆಂಡೆಯಾದರೋ ವೀರ, ರೌದ್ರಗಳ ಸಂದರ್ಭದಲ್ಲಿ ಮೊಳಗಿ, ಕರುಣ, ಶೃಂಗಾರಗಳಲ್ಲಿ ಬಹುಮಟ್ಟಿಗೆ ಮೌನವಾಗಿರುತ್ತದೆ. ದೊಡ್ಡ ಸದ್ದಿನ ವಾದ್ಯವನ್ನು ತಗ್ಗಿಸುವುದಕ್ಕಿಂತ ಬೇಡವಾದೆಡೆಯಲ್ಲಿ ನುಡಿಸದಿರುವುದೇ ಲೇಸೆಂಬುದನ್ನು ಹಿಮ್ಮೇಳದವರು ಯಾವ ಶಾಲೆಯಲ್ಲಿಯೂ ಕಲಿಯದೆ ಬಲ್ಲರು.

ಯಂತ್ರವು ಬಂದ ಮೇಲೆಯೂ ಕೆಲವು ಕಾಲ ಈ ಕ್ರಮವೇ ನಡೆಯಿತು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಮುದ್ರಣಕ್ಕೆ ಹಾಡಿ ಪ್ರಸಿದ್ಧಳಾಗಿ, ೧೯೨೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು ೧೯೩೦ರಲ್ಲಿ ಮೈಸೂರಿನಲ್ಲಿಯೇ ದೇಹವನ್ನು ಬಿಟ್ಟ ಗೌಹರ್ ಜಾನಳ ಮೊದಲ ಮುದ್ರಣಗಳು ವಿದ್ಯುತ್ತಿನ ಮೈಕಿಲ್ಲದೆ ಆದಂಥವು. ತಗಡಿನ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ವಾದ್ಯದವರು ಅವರವರ ಸದ್ದಿಗೆ ತಕ್ಕಷ್ಟು ಹಿಂದೆ ಸರಿದು ಕುಳಿತುಕೊಳ್ಳಬೇಕು. ದೂರವೇ ಅಲ್ಲಿ ತಕ್ಕಡಿ. ೧೯೨೫ರಿಂದ ವಿದ್ಯುನ್ಮುದ್ರಣವು ರೂಢಿಗೆ ಬಂದು ಮೈಕು ಕಹಳೆಯ ಸ್ಥಾನವನ್ನು ಪಡೆಯಿತು; ಆದರೂ ಎಲ್ಲರೂ ಒಂದೆಡೆ ಕುಳಿತು ಒಂದೇ ಸಲ ನುಡಿಸುವ ಪದ್ಧತಿಯು ಬಹುಕಾಲ ಉಳಿಯಿತು.

ಒಬ್ಬನೇ ಅನೇಕ ವಾದ್ಯಗಳಾಗುವ ವಿದ್ಯೆಯು ಮನೆಯಲ್ಲಿಯೇ ಬೆಳೆಯಿತೆಂಬುದು ಗಮನಾರ್ಹ. ಅಮೆರಿಕದ ಲೆಸ್ ಪಾಲ್ ಎಂಬಾತನು ೧೯೪೮ರಲ್ಲಿ ಪ್ರಕಟವಾದ ‘ಲವರ್’ ಎಂಬ ಕೃತಿಯಲ್ಲಿ ತನ್ನ ಮನೆಯ ಗ್ಯಾರೇಜಿನಲ್ಲಿ ಗಿಟಾರಿನ ಎಂಟು ಭಾಗಗಳನ್ನು ಒಂದರ ಮೇಲೊಂದಾಗಿ ತಾನೇ ನುಡಿಸಿ ಮುದ್ರಿಸಿದನು. ೧೯೭೯ರಲ್ಲಿ ನಾಲ್ಕು ಟ್ರ್ಯಾಕುಗಳ ಕ್ಯಾಸೆಟ್ ಯಂತ್ರವಾದ ‘ಪೋರ್ಟಾಸ್ಟುಡಿಯೊ’ ಮಾರಾಟಕ್ಕೆ ಬಂದಿತು. ಈಗಿನ ಕಂಪ್ಯೂಟರಿನಲ್ಲಿ ಟ್ರ್ಯಾಕುಗಳಿಗೆ ಮಿತಿಯೇ ಇಲ್ಲವೆನ್ನಬಹುದು.

ಇದರಿಂದಾದ ಮಾರ್ಪಾಡು ಎಷ್ಟು ದೊಡ್ಡದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಮಾನವಾದ ಹತ್ತು ವಾದ್ಯಗಳು ಕೂಡಿ ನುಡಿದರೆ ಧ್ವನಿಯ ಪ್ರಮಾಣವು ೧೦ ಡೆಸಿಬಲ್ ಏರುತ್ತದೆ. ಕಿವಿಗೆ ಅದು ಸುಮಾರು ಎರಡರಷ್ಟು ಜೋರಾಗಿ ಮಾತ್ರ ತೋರುತ್ತದೆ. ಹಾಗಾದರೆ ವಾದ್ಯದ ಸದ್ದನ್ನು ಇಮ್ಮಡಿಸಲು ಹಿಂದೆ ಹತ್ತು ಜನರನ್ನು ಕರೆತಂದು ಊಟಕ್ಕಿಟ್ಟು ಸಂಭಾವನೆ ಕೊಡಬೇಕಾಗಿದ್ದಿತು. ಈಗ ಫೇಡರ್ ಎಂಬ ಜಾರುಗುಂಡಿಯನ್ನು ಬೆರಳಿನಿಂದ ಸ್ವಲ್ಪ ಮೇಲಕ್ಕೆ ನೂಕಿದರಾಯಿತು. ಕೋಲಾಹಲವನ್ನು ಮಾಡಲು ಹಿಂದೆ ರಾಜನ ಬೊಕ್ಕಸವು ಬೇಕಾಗಿದ್ದಿತು; ಈಗ ಯಾರಿಗಾದರೂ ಅದು ಸುಲಭ.

೩

ವಿಷಯವು ಗಾಳಿಯಲ್ಲಿ ನಿಲ್ಲದಿರಲೆಂದು ಆನೇಕಲ್ ಪಟ್ಟಣದ ಒಂದು ಮನೆಯನ್ನು ದೃಷ್ಟಾಂತವಾಗಿ ಕಲ್ಪಿಸಿಕೊಳ್ಳಬಹುದು. ಇದು ಇಂಥವರ ಮನೆಯೆಂದಲ್ಲ; ಇಂತಹ ಮನೆಗಳ ಸಾಮಾನ್ಯಲಕ್ಷಣವು ಇದರಲ್ಲಿ ಅಡಗಿದೆ. ಮಗನು ಎಲೆಕ್ಟ್ರಾನಿಕ್ ಸಿಟಿಯಲ್ಲಿಯೋ ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಯಲ್ಲಿಯೋ ಕೆಲಸದಲ್ಲಿದ್ದಾನೆ, ಕೀಬೋರ್ಡು ಬಲ್ಲನು. ತಾಯಿಗೆ ದಾಸರ ಪದಗಳೂ ತತ್ವಪದಗಳೂ ಬಾಯಿಗೆ ಬರುತ್ತವೆ. ರಜೆಯ ದಿನ ಅವುಗಳಲ್ಲಿ ಒಂದನ್ನು ಮುದ್ರಿಸಿ ನಂಟರಿಗೆ ಕಳುಹಿಸಬೇಕೆಂದು ಮನೆಯವರ ಆಸೆ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆ. ಸಿಮೆಂಟಿನ ಗೋಡೆ, ಕಾಂಕ್ರೀಟಿನ ಸೂರು. ನೆರೆಯಲ್ಲಿ ರೇಷ್ಮೆ ನೇಯುವ ಮಗ್ಗದ ಸದ್ದು; ರಸ್ತೆಯಲ್ಲಿ ಲಾರಿಯ ಹಾರನ್ನು; ಕರಗದ ಕಾಲವಾದರೆ ಬೀದಿಯಲ್ಲಿ ತಮಟೆಯ ಮೊಳಗು.

ಕೋಣೆಯು ತಾನೇ ಒಂದು ವಾದ್ಯವೆಂಬುದನ್ನು ಮೊದಲು ತಿಳಿಯಬೇಕು. ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರಿನಂತೆ ಸಾಗುವುದರಿಂದ, ಹತ್ತಡಿಯ, ಅಂದರೆ ಸುಮಾರು ೩ ಮೀಟರಿನ, ಎದುರುಬದರು ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು ೫೬ ಕಂಪನಗಳ ನಾದವು ನೆಲೆನಿಂತು ಮೊರೆಯುತ್ತದೆ. ಅದರ ಇಮ್ಮಡಿ, ಮುಮ್ಮಡಿಗಳೂ ಹಾಗೆಯೇ. ಉದ್ದವೂ ಅಗಲವೂ ಒಂದೇ ಆದ ಚೌಕದ ಕೋಣೆಯಲ್ಲಿ ಈ ಮೊರೆತವು ಇಮ್ಮಡಿಯಾಗುವುದು. ಹೀಗಿರಲು, ಕೋಣೆಯ ಒಂದು ಮೂಲೆಯಲ್ಲಿ ಕುಳಿತವನಿಗೆ ಮೃದಂಗದ ಎಡಮುಖದ ಗುಂಕಾರವು ಅತಿಯಾಗಿಯೂ, ನಡುವಿನಲ್ಲಿ ಕುಳಿತವನಿಗೆ ತೀರ ಕ್ಷೀಣವಾಗಿಯೂ ಕೇಳಬಹುದು. ಒಂದೇ ಮುದ್ರಣವನ್ನು ಕೇಳಿ ಇಬ್ಬರೂ ಬೇರೆಬೇರೆ ತೀರ್ಪು ಕೊಡುವರು. ಇಬ್ಬರೂ ಸತ್ಯವನ್ನೇ ಹೇಳುವರು.

ಕಿವಿಯೂ ಸಮದರ್ಶಿಯಲ್ಲ. ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿದ್ವಾಂಸರು ೧೯೩೩ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ, ಸದ್ದು ತಗ್ಗಿದಂತೆಲ್ಲ ಮಂದ್ರದ ನಾದಗಳು ಮಧ್ಯದ ನಾದಗಳಿಗಿಂತ ಬೇಗ ಮರೆಯಾಗುವುವೆಂದು ಸಿದ್ಧವಾಯಿತು. ಆದಕಾರಣ ರಾತ್ರಿ ನೆರೆಯವರಿಗೆ ಕೇಳಿಸದಂತೆ ಮೆಲ್ಲಗೆ ಕೇಳುತ್ತ ಮಿಕ್ಸಿಂಗ್ ಮಾಡಿದವನು ಮಂದ್ರವು ಸಾಲದೆಂದು ಏರಿಸುತ್ತಾನೆ. ಮಾರನೆಯ ದಿನ ಅದನ್ನು ಜೋರಾಗಿ ಹಾಕಿದಾಗ ಮೃದಂಗವು ಹಾಡನ್ನು ನುಂಗುತ್ತದೆ. ಶಾರ್ಙ್ಗದೇವನು ಕೋಣೆಯನ್ನೂ ಹೆಡ್‌ಫೋನನ್ನೂ ಕಂಡವನಲ್ಲ. ಈ ಎರಡು ವಿಷಯಗಳಲ್ಲಿ ಶಾಸ್ತ್ರಕ್ಕೆ ಭೌತವಿಜ್ಞಾನವು ಪೂರಕವಾಗಬೇಕು. ಒಂದೇ ಮುದ್ರಣವನ್ನು ಮೂರು ಎಡೆಗಳಲ್ಲಿ, ಮೆಲ್ಲಗೂ ಜೋರಾಗಿಯೂ, ಫೋನಿನ ಚಿಕ್ಕ ಸ್ಪೀಕರಿನಲ್ಲಿಯೂ ಕೇಳಿ, ಎಲ್ಲೆಡೆಯೂ ಸಲ್ಲುವ ಪ್ರಮಾಣವನ್ನೇ ಇಟ್ಟುಕೊಳ್ಳುವುದು ಇದಕ್ಕೆ ಲೋಕಸಿದ್ಧವಾದ ಪರಿಹಾರ.

೪

ಇನ್ನು ಗುಣಗಳ ಪರೀಕ್ಷೆ. ಮೊದಲನೆಯದು ಮುಖ್ಯಾನುವೃತ್ತಿ. ಆಲಂಕಾರಿಕರು ಪ್ರಬಂಧದಲ್ಲಿ ಒಂದು ರಸವು ಅಂಗಿ, ಉಳಿದವು ಅಂಗವೆಂದು ಹೇಳುವಂತೆಯೇ ಇಲ್ಲಿಯೂ ಒಂದು ನಾದವು ಅಂಗಿಯಾಗಬೇಕು. ಮನೆಯ ಮುದ್ರಣಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ, ಯಾವ ಟ್ರ್ಯಾಕನ್ನು ಕೇಳಿದಾಗಲೂ ಅದು ಸಾಲದೆಂದು ತೋರಿ ಒಂದೊಂದನ್ನೂ ಏರಿಸುತ್ತ ಹೋಗುವುದು. ಎಲ್ಲವೂ ಏರಿದ ಮೇಲೆ ಯಾವುದೂ ಏರಿದಂತಾಗದು. ಕಂಠವನ್ನು ಮುಂದಿಡಬೇಕಾದರೆ ಉಳಿದವನ್ನು ತಗ್ಗಿಸುವುದೇ ಮೊದಲ ಉಪಾಯ.

ಇದರಲ್ಲಿ ಸೂಕ್ಷ್ಮವೊಂದುಂಟು. ಸದ್ದು ಬೇರೆ, ಬಲ ಬೇರೆ. ಬಲವಾಗಿ ಬಾರಿಸಿದ ಮೃದಂಗದ ನಾದಭೇದವು ಮೆಲ್ಲಗೆ ಬಾರಿಸಿದುದರಂತಿರದು. ಫೇಡರನ್ನು ಎಷ್ಟು ತಗ್ಗಿಸಿದರೂ ಬಲವಾದ ಪೆಟ್ಟು ದೂರದ ಬಲವಾದ ಪೆಟ್ಟಾಗಿಯೇ ಕೇಳುವುದು. ತಾಯಿಯು ಮಗುವನ್ನು ತೂಗುವ ದನಿಯಲ್ಲಿ ಹಾಡಿದ ಪದಕ್ಕೆ ಉತ್ಸವದ ಹೊಡೆತದ ಮೃದಂಗವನ್ನು ಜೋಡಿಸಿ, ಕಂಠವನ್ನು ಏರಿಸಿ ಮೃದಂಗವನ್ನು ಇಳಿಸಿದರೆ, ಅಳತೆಯು ಸರಿಯಾದರೂ ಔಚಿತ್ಯವು ಕೆಡುತ್ತದೆ. ನುಡಿಸುವಾಗಲೇ ಕೈಯನ್ನು ತಡೆಯಬೇಕಾದುದನ್ನು ಆಮೇಲೆ ಗುಂಡಿಯಿಂದ ಸರಿಪಡಿಸಲಾಗದು.

ಎರಡನೆಯದು ಮಿಲನ. ಕಂಠವನ್ನು ಬಾಯಿಗೆ ಹತ್ತಿರದ ಮೈಕಿನಿಂದಲೂ, ಕೊಳಲನ್ನು ಕೀಬೋರ್ಡಿನಿಂದಲೂ, ಮೃದಂಗವನ್ನು ಬೇರೆ ಯಾರೋ ಎಲ್ಲಿಯೋ ನುಡಿಸಿಟ್ಟ ತುಣುಕುಗಳಿಂದಲೂ ತೆಗೆದುಕೊಂಡರೆ, ಒಂದೊಂದರ ಸುತ್ತಲೂ ಒಂದೊಂದು ಕೋಣೆಯ ಅನುರಣನವಿರುತ್ತದೆ. ಕಂಠವು ಕಿವಿಯ ಬಳಿಯಲ್ಲಿ, ಕೊಳಲು ದೊಡ್ಡ ಮಂಟಪದಲ್ಲಿ, ಮೃದಂಗವು ಬಾವಿಯಲ್ಲಿ ಇರುವಂತೆ ತೋರುವುದು. ರಿವರ್ಬ್ ಎಂಬ ಕೃತಕಾನುರಣನವನ್ನು ಎಲ್ಲಕ್ಕೂ ಒಂದೇ ಬಗೆಯದಾಗಿ, ಮುಖ್ಯಕ್ಕೆ ಕಡಮೆಯಾಗಿಯೂ ಹಿಂದಿನವಕ್ಕೆ ಹೆಚ್ಚಾಗಿಯೂ ಕೊಟ್ಟರೆ ಒಂದೇ ಚಾವಡಿಯಲ್ಲಿ ಕುಳಿತವರಂತೆ ತೋರುತ್ತಾರೆ. ಎಡಬಲಗಳಲ್ಲಿ ವಾದ್ಯಗಳನ್ನು ಹಂಚುವುದು ಭರತನ ಕುತಪವಿನ್ಯಾಸವೇ ಸರಿ. ಕಂಠವೂ ಮಂದ್ರದ ನಾದವೂ ನಡುವಿನಲ್ಲಿಯೂ, ಕೊಳಲು, ಹಾರ್ಮೋನಿಯಂಗಳು ಇಕ್ಕೆಲದಲ್ಲಿಯೂ ಇದ್ದರೆ ಒಂದರ ಮೇಲೊಂದು ಬೀಳುವುದು ತಪ್ಪುವುದು.

ಮೂರನೆಯದಾಗಿ ತಾಳಲೀಲಾನುವರ್ತನ. ತಾಳದ ಅನುವರ್ತನವೆಂದಷ್ಟೇ ಹೇಳದೆ ಶಾರ್ಙ್ಗದೇವನು ‘ಲೀಲಾ’ ಎಂಬ ಪದವನ್ನು ಸೇರಿಸಿರುವುದು ವ್ಯರ್ಥವಲ್ಲ. ಕಂಪ್ಯೂಟರಿನಲ್ಲಿ ‘ಕ್ಲಿಕ್’ ಎಂಬ ಗತಿಸೂಚಕಕ್ಕೆ ಎಲ್ಲ ಪೆಟ್ಟುಗಳನ್ನೂ ಗೆರೆಗೆ ಗೆರೆಯಾಗಿ ಹೊಂದಿಸಿದರೆ ತಾಳವು ಉಳಿಯುತ್ತದೆ, ಲೀಲೆಯು ಹೋಗುತ್ತದೆ. ಪದದ ಕೊನೆಯಲ್ಲಿ ಹಾಡುವವಳು ಎಳೆಯಷ್ಟು ತಡೆದು, ಮುಂದಿನ ಎಡುಪಿನಲ್ಲಿ ಅದನ್ನು ತುಂಬಿಕೊಳ್ಳುವಾಗ ಮೃದಂಗವೂ ಅವಳೊಡನೆ ತಡೆಯಬೇಕು. ಮೂರು ಮೀಟರು ದೂರದಲ್ಲಿ ಕುಳಿತ ವಾದಕನ ನಾದವು ಕೇಳುವವನನ್ನು ಮುಟ್ಟಲು ಸೆಕೆಂಡಿನ ಸಾವಿರದ ಒಂಬತ್ತು ಭಾಗ ಬೇಕು. ಅಷ್ಟು ಹಿಂದುಮುಂದಾಗುವುದು ಪ್ರಕೃತಿಯಲ್ಲಿಯೇ ಇದ್ದು, ಕಿವಿಯು ಅದನ್ನು ದೋಷವೆಂದು ಎಣಿಸುವುದಿಲ್ಲ.

ತ್ರಿಸ್ಥಾನವ್ಯಾಪ್ತಿಯ ವಿಷಯವು ಸಾಹಿತ್ಯದ ಉಪಾಧ್ಯಾಯರಿಗೆ ವಿಶೇಷವಾಗಿ ಸಂಬಂಧಪಟ್ಟುದು. ಸಮೀಪದ ಸ್ಥಾನಗಳಲ್ಲಿರುವ ಎರಡು ನಾದಗಳಲ್ಲಿ ಜೋರಾದುದು ಮೆಲ್ಲನೆಯದನ್ನು ಮುಚ್ಚುವುದು. ಕೆಳಗಿನ ನಾದವು ಮೇಲಿನದನ್ನು ಮುಚ್ಚುವುದು ಇನ್ನೂ ಸುಲಭ. ಎಡೆಬಿಡದೆ ಎಳೆಯುವ ಹಾರ್ಮೋನಿಯಂ ಕಂಠದ ಸ್ಥಾನದಲ್ಲಿಯೇ ಕುಳಿತಿರುವುದರಿಂದ ಅದು ಕಂಠದ ದೊಡ್ಡ ಪ್ರತಿಸ್ಪರ್ಧಿ. ಹೀಗೆ ಮುಚ್ಚಿಹೋಗುವುದು ಸ್ವರಗಳಲ್ಲ, ವ್ಯಂಜನಗಳು. ಸ್ವರವು ಹಾಡಿನಲ್ಲಿ ನೀಳವಾಗುವುದರಿಂದ ಹೇಗೋ ಕೇಳುತ್ತದೆ. ವ್ಯಂಜನವು ಕ್ಷಣಮಾತ್ರ ಇರುವುದು, ಅದರ ಸ್ಪಷ್ಟತೆಯು ಬಹುಮಟ್ಟಿಗೆ ೨೦೦೦ದಿಂದ ೪೦೦೦ ಕಂಪನಗಳ ಆಸುಪಾಸಿನ ಕ್ಷೀಣವಾದ ಅಂಶಗಳನ್ನು ಅವಲಂಬಿಸಿರುವುದು. ಕನ್ನಡದ ಪದ್ಯಬಂಧದಲ್ಲಿ ಪ್ರಾಸವು ಪಾದದ ಎರಡನೆಯ ಅಕ್ಷರದ ವ್ಯಂಜನದಲ್ಲಿದೆ. ವ್ಯಂಜನವು ಮುಚ್ಚಿದರೆ ಪ್ರಾಸವು ಕೇಳದು. ಅಲ್ಪಪ್ರಾಣ, ಮಹಾಪ್ರಾಣಗಳ ಭೇದವು ಅಳಿದು ಅರ್ಥವೇ ಜಾರುವುದೂ ಉಂಟು. ತಮಿಳು, ತೆಲುಗುಗಳೂ ಮನೆಮಾತಾಗಿರುವ ಆನೇಕಲ್ಲಿನಂತಹ ಗಡಿಯ ಊರಿನಲ್ಲಿ ಕೇಳುವವರು ಸಾಹಿತ್ಯವನ್ನು ಮುದ್ರಣದಿಂದಲೇ ಕಲಿಯುವ ಸಂಭವವೂ ಇರುವುದರಿಂದ ಈ ಹಾನಿಯು ಅಲ್ಪವಲ್ಲ.

ಇದರ ಪರಿಹಾರಕ್ಕೆ ಕಂಠವನ್ನು ಏರಿಸುವುದಕ್ಕಿಂತ, ಈಕ್ವಲೈಸರಿನ ಮೂಲಕ ಹಾರ್ಮೋನಿಯಮಿನಲ್ಲಿ ಆ ಆಸುಪಾಸಿನ ಅಂಶಗಳನ್ನು ಮಾತ್ರ ಸ್ವಲ್ಪ ತಗ್ಗಿಸಿ ಕಂಠಕ್ಕೆ ಎಡೆಮಾಡಿಕೊಡುವುದು ಮೇಲು. ೧೯೭೮ರಲ್ಲಿ ಹೊರಬಂದ ‘ನಿತ್ಯೋತ್ಸವ’ ಧ್ವನಿಸುರುಳಿಯು ಕೆ. ಎಸ್. ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರ ಸಂಗೀತದೊಡನೆ ಮನೆಮನೆಗೆ ಮುಟ್ಟಿಸಿತು. ಪುಸ್ತಕವನ್ನು ತೆರೆಯದವರೂ ಕವಿತೆಯನ್ನು ಬಲ್ಲವರಾಗಬೇಕಾದರೆ ಮಾತು ಕೇಳಲೇಬೇಕು.

ಶಬ್ದಸಾದೃಶ್ಯವೆಂಬ ಗುಣಕ್ಕೆ ಸರ್ ಸಿ. ವಿ. ರಾಮನ್ನರ ಶೋಧನೆಯು ಸಮರ್ಥನೆಯನ್ನು ಕೊಡುತ್ತದೆ. ಸಾಮಾನ್ಯವಾದ ಚರ್ಮವಾದ್ಯದ ಉಪನಾದಗಳು ಮೂಲನಾದಕ್ಕೆ ಹೊಂದದೆ ಕರ್ಕಶವಾಗಿರುತ್ತವೆ. ಮೃದಂಗ, ತಬಲಗಳಲ್ಲಿ ಚರ್ಮಕ್ಕೆ ಕರಣೆಯನ್ನು ಲೇಪಿಸುವುದರಿಂದ ಉಪನಾದಗಳು ತಂತಿಯ ವಾದ್ಯದಂತೆ ಕ್ರಮಬದ್ಧವಾಗುವುವೆಂದು ಅವರು ೧೯೨೦ರಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ ೧೯೩೪ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ ತೋರಿಸಿದರು. ಮೃದಂಗವು ಶ್ರುತಿಗೆ ಸೇರಿದ ವಾದ್ಯವೆಂಬುದು ಇದರ ತಾತ್ಪರ್ಯ. ತಂಬೂರಿಯ ಶ್ರುತಿ ಒಂದಾಗಿ, ಕಂಪ್ಯೂಟರಿನಿಂದ ತಂದ ಮೃದಂಗದ ಶ್ರುತಿ ಮತ್ತೊಂದಾದರೆ, ಯಾವ ಪ್ರಮಾಣದಲ್ಲಿ ಬೆರಸಿದರೂ ಅದು ಬೆರೆಯದು. ಮೃದಂಗವು ಜೋರಾಯಿತೆಂದು ಇಳಿಸುತ್ತ ಹೋಗುವವರು ಅನೇಕವೇಳೆ ಶ್ರುತಿಭೇದವನ್ನು ಪ್ರಮಾಣದೋಷವೆಂದು ಭ್ರಮಿಸಿರುತ್ತಾರೆ.

೫

ಉಳಿದುದು ತ್ರುಟಿತನಿರ್ವಾಹ. ಷಡ್ಗುಣಗಳಲ್ಲಿ ಇದೊಂದಕ್ಕೆ ಮಾತ್ರ ‘ಮಿಥಃ’, ಅಂದರೆ ‘ಪರಸ್ಪರ’ವೆಂಬ ವಿಶೇಷಣವನ್ನು ಶಾಸ್ತ್ರಕಾರನು ಕೊಟ್ಟಿದ್ದಾನೆ. ವೃಂದದಲ್ಲಿ ತ್ರುಟಿಯೇ ಆಗಬಾರದೆಂದು ಆತನು ಹೇಳಿಲ್ಲ. ಆಗುವುದೆಂದು ಒಪ್ಪಿಕೊಂಡು, ಆದಾಗ ಮತ್ತೊಬ್ಬನು ಅದನ್ನು ನಿರ್ವಹಿಸುವುದೇ ಗುಣವೆಂದಿದ್ದಾನೆ. ಹಾಡುವವಳಿಗೆ ಉಸಿರು ಸಾಲದೆ ಪದದ ಕೊನೆಯು ಕಡಿದಾಗ ಹಾರ್ಮೋನಿಯಂ ಆ ಸ್ವರವನ್ನು ಹಿಡಿದು ನಿಲ್ಲಿಸುವುದು. ಸಾಹಿತ್ಯವು ಮರೆತು ತಡವರಿಸಿದಾಗ ಮೃದಂಗದವನು ಒಂದು ಆವರ್ತವನ್ನು ತುಂಬಿಕೊಡುವುದು. ಮೃದಂಗದ ಕೈ ತಪ್ಪಿದಾಗ ಹಾಡುವವಳು ತೊಡೆಯ ಮೇಲೆ ತಾಳವನ್ನು ಒತ್ತಿಹಾಕಿ ಅವನನ್ನು ದಾರಿಗೆ ತರುವುದು: ಇವೆಲ್ಲ ಒಟ್ಟಿಗೆ ಕುಳಿತವರಲ್ಲಿ ಮಾತ್ರ ಸಾಧ್ಯ.

ಬೇರೆಬೇರೆಯಾಗಿ ಮುದ್ರಿಸಿದ ಟ್ರ್ಯಾಕುಗಳಲ್ಲಿ ಹಿಂದಿನದು ಮುಂದಿನದನ್ನು ಅರಿಯದು. ನಿನ್ನೆ ಮುದ್ರಿಸಿದ ಮೃದಂಗವು ಇಂದಿನ ಉಸಿರನ್ನು ಕಾಯುವುದಿಲ್ಲ. ಅಲ್ಲಿ ತ್ರುಟಿಯು ಕಂಡರೆ ಯಂತ್ರವು ಅದನ್ನು ಕತ್ತರಿಸಿ, ಮತ್ತೊಂದು ಸಲ ಹಾಡಿಸಿದ ತುಣುಕನ್ನು ಅಂಟಿಸಿ, ಅಪಸ್ವರವಿದ್ದರೆ ಶ್ರುತಿಗೆ ಎಳೆದು ಕೂಡಿಸುತ್ತದೆ. ಇದು ತ್ರುಟಿತದ ನಿವಾರಣೆ, ನಿರ್ವಾಹವಲ್ಲ. ಶಾರ್ಙ್ಗದೇವನು ಗಾಯಕರನ್ನು ಏಕಲ, ಯಮಲ, ವೃಂದಗಾಯನನೆಂದು ಮೂರಾಗಿ ವಿಂಗಡಿಸಿದ್ದಾನೆ: ಒಬ್ಬನೇ ಹಾಡುವವನು ಏಕಲ, ಜೊತೆಗೊಬ್ಬನೊಡನೆ ಹಾಡುವವನು ಯಮಲ, ಸಮೂಹದೊಡನೆ ಹಾಡುವವನು ವೃಂದಗಾಯನ. ಇಪ್ಪತ್ತು ಟ್ರ್ಯಾಕುಗಳನ್ನು ಒಬ್ಬನೇ ನುಡಿಸಿ ಕೂಡಿಸಿದವನು ಶಾಸ್ತ್ರದೃಷ್ಟಿಯಲ್ಲಿ ಏಕಲನೇ. ಏಕಲನಾಗಿರುವುದು ದೋಷವಲ್ಲ, ಏಕಲನು ವೃಂದದ ವೇಷವನ್ನು ಧರಿಸುವುದು ದೋಷ.

ಇಲ್ಲಿ ಪೂರ್ವಪಕ್ಷವು ಹೀಗೆ ಏಳಬಹುದು: ಎಲ್ಲರೂ ಒಂದೇ ಕೋಣೆಯಲ್ಲಿ ನುಡಿಸಿದರೆ ಮೃದಂಗದ ಸದ್ದು ಕಂಠದ ಮೈಕಿಗೂ, ಕಂಠವು ಮೃದಂಗದ ಮೈಕಿಗೂ ಸೋರುತ್ತದೆ, ಆಮೇಲೆ ಒಂದನ್ನು ಬಿಟ್ಟು ಒಂದನ್ನು ಏರಿಸಲಾಗದು, ಮಿಕ್ಸಿಂಗ್ ಎಂಬುದೇ ಅಸಾಧ್ಯವಾಗುವುದು. ಇದಕ್ಕೆ ಸಮಾಧಾನವೇನೆಂದರೆ, ಸೋರಿಕೆಯು ವಿನ್ಯಾಸವು ಕೆಟ್ಟಾಗ ಮಾತ್ರ ದೋಷ. ಕಂಠಕ್ಕೆ ಸಾಮಾನ್ಯವಾಗಿ ಬಳಸುವ ಮೈಕು ಎದುರಿನದನ್ನು ಚೆನ್ನಾಗಿ ಕೇಳಿ ಬೆನ್ನಿನ ಕಡೆಯದನ್ನು ಬಹಳ ಕಡಮೆ ಕೇಳುತ್ತದೆ. ಅದರ ಬೆನ್ನಿಗೆ ಮೃದಂಗದವನನ್ನು ಕುಳ್ಳಿರಿಸಿದರೆ ಅರ್ಧ ಕೆಲಸವಾಯಿತು. ಬಯಲಿನಲ್ಲಿ ದೂರವನ್ನು ಇಮ್ಮಡಿಸಿದರೆ ಸದ್ದು ೬ ಡೆಸಿಬಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳ ಪ್ರತಿಧ್ವನಿಯಿಂದ ಅಷ್ಟು ಇಳಿಯದಿದ್ದರೂ, ಗೋಡೆಗೆ ದಪ್ಪನೆಯ ರಜಾಯಿಗಳನ್ನು ಇಳಿಬಿಟ್ಟು, ನೆಲಕ್ಕೆ ಜಮಖಾನೆಯನ್ನು ಹಾಸಿದರೆ ತಕ್ಕಮಟ್ಟಿಗೆ ಸಾಧಿಸಬಹುದು. ಮೇಲಾಗಿ, ಅಲ್ಪವಾದ ಸೋರಿಕೆಯೇ ಎಲ್ಲ ನಾದಗಳಿಗೂ ಒಂದೇ ಕೋಣೆಯ ಗಾಳಿಯನ್ನು ಕೊಟ್ಟು, ಮಿಲನಕ್ಕೆ ಕಾರಣವಾಗುತ್ತದೆ. ಕಹಳೆಯ ಕಾಲದವರಿಗೆ ಅದಲ್ಲದೆ ಬೇರೆ ಮಿಕ್ಸಿಂಗ್ ಇರಲಿಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು: ಪಾಳಿಯ ಮೇಲೆ ಕೆಲಸಮಾಡುವ ಜನರಿರುವ ಊರಿನಲ್ಲಿ ವಾದಕರು ಒಂದೆಡೆ ಸೇರುವುದು ದುರ್ಲಭ, ಇರುವವನು ಒಬ್ಬನೇ ಆದರೆ ಅವನು ಮಾಡುವುದೇನು? ಇದಕ್ಕೆ ಎರಡು ಮಾರ್ಗಗಳುಂಟು. ಏಕಲನು ಏಕಲನಾಗಿಯೇ ಉಳಿದು, ಶ್ರುತಿಯೊಡನೆ ಕಂಠವನ್ನಷ್ಟೇ ಮುದ್ರಿಸುವುದು ಒಂದು. ತಂಬೂರಿಯೊಂದರ ಮೇಲೆ ನಿಂತ ಹಾಡಿಗೆ ಕೊರತೆಯಿದೆಯೆಂದು ಸಹೃದಯರಾರೂ ಹೇಳಲಾರರು. ಮತ್ತೊಂದು ಮಾರ್ಗವು ಎರಡು 단ೆಯದಲ್ಲ, ಮೂರು ಮೆಟ್ಟಿಲಿನದು: ಮೊದಲು ಶ್ರುತಿಯೊಡನೆ ಕಂಠವನ್ನು ಮುದ್ರಿಸಿ, ಅದನ್ನು ಕೇಳುತ್ತ ವಾದಕರು ತಮ್ಮ ತಮ್ಮ ಬಿಡುವಿನಲ್ಲಿ ನುಡಿಸಿ, ಕೊನೆಗೆ ಆ ವಾದ್ಯಗಳನ್ನು ಕೇಳುತ್ತ ಹಾಡುವವಳು ಮತ್ತೊಮ್ಮೆ ಹಾಡಿ ಮೊದಲಿನ ಕಂಠವನ್ನು ಬಿಡುವುದು. ಹೀಗೆ ಮಾಡಿದರೆ ವಾದ್ಯವು ಕಂಠವನ್ನೂ, ಕಂಠವು ವಾದ್ಯವನ್ನೂ ಒಂದೊಂದು ಸಲವಾದರೂ ಕೇಳಿದಂತಾಗುವುದು. ಇದು ಪೂರ್ಣವಾದ ಪರಸ್ಪರತೆಯಲ್ಲ, ಅದರ ಛಾಯೆ. ಕ್ಲಿಕ್ಕಿಗೆ ಮೊದಲು ಮೃದಂಗವನ್ನು ನೆಟ್ಟು, ಅದರ ಮೇಲೆ ಕಂಠವನ್ನು ಹೇರುವ ರೂಢಿಗಿಂತ ಇದು ಉತ್ತಮ. ಏಕೆಂದರೆ ಆ ರೂಢಿಯಲ್ಲಿ ಮುಖ್ಯವಾದುದೇ ಅಮುಖ್ಯವನ್ನು ಅನುಸರಿಸಬೇಕಾಗುತ್ತದೆ.

೬

ಎಲ್ಲವನ್ನೂ ಬೆರಸಿ ಮುಗಿಸಿದ ಮೇಲೆ ಕಂಪ್ರೆಸರ್, ಲಿಮಿಟರ್ ಎಂಬ ಸಾಧನಗಳಿಂದ ಮೆಲ್ಲನೆಯದನ್ನು ಏರಿಸಿ ಜೋರಾದುದನ್ನು ಒತ್ತಿ, ಇಡೀ ಹಾಡನ್ನು ಒಂದೇ ಎತ್ತರಕ್ಕೆ ತರುವ ಚಾಪಲ್ಯವು ವಿಶೇಷವಾಗಿ ಹಬ್ಬಿದೆ. ಮಿತವಾಗಿ ಬಳಸಿದರೆ ಕಂಪ್ರೆಸರು ಮಾತಿನ ಕೊನೆಗಳನ್ನು ಉಳಿಸಿಕೊಡುವ ಸಾಧು ಉಪಕರಣವೇ. ಅತಿಯಾದರೆ ಪಲ್ಲವಿಯೂ ಚರಣವೂ, ಬಿನ್ನಹವೂ ಉತ್ಸಾಹವೂ ಒಂದೇ ಸದ್ದಾಗುವುವು. ಈಗ ಅಂತರ್ಜಾಲದಲ್ಲಿ ಸಂಗೀತವನ್ನು ಕೇಳಿಸುವ ಅನೇಕ ಸಂಸ್ಥೆಗಳು ಎಲ್ಲ ಹಾಡುಗಳ ಸರಾಸರಿ ಸದ್ದನ್ನೂ ತಾವೇ ಸಮಮಾಡುವುದರಿಂದ, ಹೀಗೆ ಒತ್ತಿ ಏರಿಸಿದುದರ ಫಲವು ಅಲ್ಲಿ ಇಳಿದುಹೋಗಿ, ಹಾನಿಯು ಮಾತ್ರ ಉಳಿಯುವುದು. ಸಂಖ್ಯೆಯಿಂದ ಆಗುವ ಕೋಲಾಹಲವನ್ನು ಶಾರ್ಙ್ಗದೇವನು ಕಂಡಿದ್ದನು. ನಾಲ್ಕೇ ಟ್ರ್ಯಾಕುಗಳಿಂದಲೂ ಆಗಬಹುದಾದ ಕೋಲಾಹಲವು ಇದು.

ಹಸ್ತಪ್ರತಿಗಳನ್ನು ಶೋಧಿಸಿದವರಿಗೆ ಸುಪರಿಚಿತವಾದ ನ್ಯಾಯವೊಂದನ್ನು ಇಲ್ಲಿ ಅನ್ವಯಿಸಬಹುದು. ಸಂಪಾದಕನು ಒಂದು ಪಾಠವನ್ನು ಸ್ವೀಕರಿಸಿ ಮೇಲೆ ಅಚ್ಚುಮಾಡಿದರೂ, ಬಿಟ್ಟ ಪಾಠಾಂತರಗಳನ್ನು ಅಡಿಯಲ್ಲಿ ಉಳಿಸುತ್ತಾನೆ, ಮೂಲಪ್ರತಿಯನ್ನಂತೂ ಸುಡುವುದಿಲ್ಲ. ಬೆರಸಿ ಮುಗಿಸಿದ ಹಾಡು ಒಬ್ಬನು ಒಂದು ದಿನ ಒಪ್ಪಿಕೊಂಡ ಪಾಠ. ಬಿಡಿಬಿಡಿಯಾದ ಟ್ರ್ಯಾಕುಗಳೇ ಮೂಲಪ್ರತಿ. ಬೆರಸಿದ ಮೇಲೆ ಬೇಡವೆಂದು ಅವುಗಳನ್ನು ಅಳಿಸಿಬಿಟ್ಟರೆ ಹಾರ್ಮೋನಿಯಮಿನ ಅಡಿಯಲ್ಲಿ ಮುಚ್ಚಿಹೋದ ಮಾತನ್ನು ಮುಂದೆ ಹೊರತೆಗೆಯುವುದು ಕಷ್ಟಸಾಧ್ಯ. ಹಾಡಿದವಳು ವೃದ್ಧೆಯಾಗಿದ್ದು, ಅವಳ ಪದದ ಪಾಠವು ಅಚ್ಚಾದ ಪುಸ್ತಕಗಳಲ್ಲಿಲ್ಲದುದಾಗಿದ್ದರೆ, ಆ ನಷ್ಟವು ಆ ಮನೆಯೊಂದರದೇ ಆಗಿ ನಿಲ್ಲದು. ಸೋಬಾನೆ, ತತ್ವಪದಗಳ ಪಾಠಗಳನ್ನು ಸಂಗ್ರಹಿಸುವ ಉಪಾಧ್ಯಾಯರು ಮನೆಗಳಲ್ಲಿ ಆದ ಮುದ್ರಣವನ್ನು ಕೇಳಿ ಪಡೆಯುವಾಗ, ಬೆರಸಿದ ಹಾಡಿನೊಡನೆ ಬರಿಯ ಕಂಠದ ಟ್ರ್ಯಾಕನ್ನೂ ಕೇಳಿ ಪಡೆಯುವುದು ಆವಶ್ಯಕ.

ಆನೇಕಲ್ಲಿನ ಆ ಕೋಣೆಗೆ ಉತ್ತಮವೃಂದದ ಮೂವತ್ತೆರಡು ಜನರು ಹಿಡಿಸುವುದಿಲ್ಲ; ಕನಿಷ್ಠದ ಹನ್ನೆರಡು ಜನರೂ ಹಿಡಿಸುವುದಿಲ್ಲ. ಹಾಡುವವಳೊಬ್ಬಳು, ಮೃದಂಗದವನೊಬ್ಬನು, ಶ್ರುತಿಪೆಟ್ಟಿಗೆಯೊಂದು ಹಿಡಿಸುತ್ತವೆ. ಇಬ್ಬರೂ ಮುಖಕ್ಕೆ ಮುಖವಿಟ್ಟು ಕುಳಿತು, ಮಗ್ಗವು ನಿಂತ ಹೊತ್ತನ್ನು ನೋಡಿಕೊಂಡು, ಒಂದು ಪದವನ್ನು ಮೊದಲಿಂದ ಕಡೆಯವರೆಗೆ ಹಾಡಿ ಮುಗಿಸಿದರೆ, ಆಮೇಲೆ ಫೇಡರಿಗೆ ಉಳಿಯುವ ಕೆಲಸವು ಸ್ವಲ್ಪವೇ.